ಹಾಳೆತಟ್ಟೆಯ ಮೇಲೆ ಕೂತ ರೋಬೋಟ್

ನಾನು ಕೆಲಸ ಮಾಡುವ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹೆಸರು ನಮ್ಮ ತೀರ್ಥಹಳ್ಳಿ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದರೆ ರೋಬೋಟ್‌ಗಳ ಕತೆಯಲ್ಲಿ ಇದು ದೊಡ್ಡ ಊರು. 1948-49ರಲ್ಲಿ ಇಲ್ಲಿನ ಬರ್ಡನ್ ನರವಿಜ್ಞಾನ ಸಂಸ್ಥೆಯಲ್ಲಿ ವಿಲಿಯಂ ಗ್ರೇ ವಾಲ್ಟರ್ ಅನ್ನುವವರು ಎರಡು ಯಂತ್ರದ ಆಮೆ ಮಾಡಿದರು. ಎಲ್ಮರ್, ಎಲ್ಸಿ ಅಂತ ಹೆಸರು. ಮೂರು ಚಕ್ರ, ಎರಡು ಮೋಟರ್, ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಎರಡೇ ಎರಡು. ಬೆಳಕು ಗೊತ್ತಾಗಲು ಒಂದು ಕಣ್ಣು, ಏನಾದರೂ ತಾಗಿದರೆ ತಿಳಿಯಲು ಒಂದು ಚಿಪ್ಪು. ಅಷ್ಟರಲ್ಲೇ ಅವು ಬೆಳಕು ಹುಡುಕಿಕೊಂಡು ಹೋಗುತ್ತಿದ್ದವು, ಅಡ್ಡ ಬಂದದ್ದನ್ನು ಬಳಸಿ ಮುಂದೆ ಸಾಗುತ್ತಿದ್ದವು, ಬ್ಯಾಟರಿ ಇಳಿದಾಗ ದೀಪವಿದ್ದ ಗೂಡಿಗೆ ತಾವೇ ವಾಪಸ್ ಬರುತ್ತಿದ್ದವು.

ವಾಲ್ಟರ್ ಮಿದುಳಿನ ಅಧ್ಯಯನ ಮಾಡುತ್ತಿದ್ದವರು. ಕೆಲವೇ ಜೋಡಣೆಗಳಿಂದ ಎಷ್ಟು ಜಟಿಲವಾದ ನಡವಳಿಕೆ ಹುಟ್ಟಬಹುದು ಅಂತ ನೋಡುವುದು ಅವರ ಉದ್ದೇಶ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮಕ್ಕಳಿಗೆ ರೋಬೋಟ್ ಕಲಿಸಬೇಕು ಅಂದ ಕೂಡಲೇ ನಮ್ಮಲ್ಲಿ ದುಬಾರಿ ಕಿಟ್, ಎಸಿ ಲ್ಯಾಬ್, ಮನುಷ್ಯನ ಹಾಗೆ ನಡೆಯುವ ಗೊಂಬೆ ಕಣ್ಣ ಮುಂದೆ ಬರುತ್ತವೆ. ಎರಡು ಮೋಟರ್ ಮತ್ತು ಒಂದು ಕಣ್ಣು ಸಾಕು ಅಂತ ಎಪ್ಪತ್ತು ವರ್ಷಕ್ಕೂ ಹಿಂದೆಯೇ ಗೊತ್ತಾಗಿತ್ತು.

ಇಲ್ಲಿ ನಾನು ಒಂದು ಶಾಲೆಯ ಕ್ಲಬ್ಬಿನಲ್ಲಿ ಸ್ವಯಂಸೇವಕಿ. ಮಕ್ಕಳ ಹತ್ತಿರ ಹೋಗುವ ಮೊದಲು ಡಿಬಿಎಸ್ ಅನ್ನುವ ಪೊಲೀಸ್ ದಾಖಲೆ ತಪಾಸಣೆ ಆಗಬೇಕು. ಅದು ಮುಗಿದ ಮೇಲೆ ವಾರಕ್ಕೊಮ್ಮೆ ಶಾಲೆ ಬಿಟ್ಟ ನಂತರ ಒಂದು ಗಂಟೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಆದರೂ ಮಕ್ಕಳು ಎದ್ದು ಹೋಗುವುದಿಲ್ಲ. 2014ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಸರ್ಕಾರಿ ಪಠ್ಯಕ್ರಮದಲ್ಲಿ ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಇದೆ. 2016ರಲ್ಲಿ ಬಿಬಿಸಿ ಇನ್ನೂ ಮುಂದೆ ಹೋಗಿ, ಏಳನೇ ವರ್ಷದ ತರಗತಿಯ, ಅಂದರೆ 11-12 ವಯಸ್ಸಿನ ಮಕ್ಕಳಿಗೆ ಮೈಕ್ರೋಬಿಟ್ ಅನ್ನುವ ಸುಮಾರು ಹತ್ತು ಲಕ್ಷ ಪುಟ್ಟ ಕಂಪ್ಯೂಟರ್ ಬೋರ್ಡುಗಳನ್ನು ಉಚಿತವಾಗಿ ಹಂಚುವ ಯೋಜನೆ ಮಾಡಿತು. ಉದ್ದ ಐದು ಸೆಂಟಿಮೀಟರ್, ಅಗಲ ನಾಲ್ಕು. ಅದರ ಮೇಲೆ 25 ಪುಟ್ಟ ದೀಪ, ಎರಡು ಗುಂಡಿ, ಅಲುಗಾಟ ತಿಳಿಯುವ ಸೆನ್ಸರ್, ದಿಕ್ಸೂಚಿ. ಕಂಪ್ಯೂಟರಿನಲ್ಲಿ ಬಣ್ಣದ ಬ್ಲಾಕ್‌ಗಳನ್ನು ಎಳೆದು ಜೋಡಿಸಿದರೆ ಪ್ರೋಗ್ರಾಂ ತಯಾರು. ದೊಡ್ಡವರಾದ ಮೇಲೆ ಅದೇ ಬೋರ್ಡಿಗೆ ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲೂ ಬರೆಯಬಹುದು.

ಕ್ಲಬ್ಬಿನಲ್ಲಿ ನನಗೆ ತುಂಬ ಹಿಡಿಸಿದ್ದು ಅಲ್ಲಿನ ಟೀಚರ್ ನಿಲ್ಲುವ ರೀತಿ. ಮಗುವಿನ ರೋಬೋಟ್ ಗೋಡೆಗೆ ಗುದ್ದಿದರೆ ಅವರು ಮೌಸ್ ಮುಟ್ಟುವುದಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಕೇಳುತ್ತಾರೆ: ಏನಾಗುತ್ತದೆ ಅಂದುಕೊಂಡಿದ್ದೆ? ಏನಾಯಿತು? ಮಗು ಎರಡಕ್ಕೂ ಉತ್ತರ ಹೇಳುವಷ್ಟರಲ್ಲಿ ಹೆಚ್ಚಿನ ಸಲ ತಪ್ಪು ಎಲ್ಲಿದೆ ಅಂತ ಅದಕ್ಕೇ ಹೊಳೆದಿರುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಕೆಲವು ಮೈಕ್ರೋಬಿಟ್‌ಗಳನ್ನು ಬ್ಯಾಗಿನಲ್ಲಿ ತಂದೆ. ಮೋಟರ್, ಚಕ್ರ, ಸೆನ್ಸರ್‌ಗಳನ್ನು ಊರಲ್ಲೇ ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಿರುವ ಹೈಸ್ಕೂಲು. ಅಡಿಕೆ ಕೊಯ್ಲಿನ ಸಮಯ. ಮನೆಮನೆಯಲ್ಲೂ ಸುಲಿಯುವ ಕೆಲಸ ಇತ್ತು, ಹಾಗಾಗಿ ಶನಿವಾರ ಮಧ್ಯಾಹ್ನ ಎಷ್ಟು ಮಕ್ಕಳು ಬರುತ್ತಾರೋ ಅನ್ನುವ ಅನುಮಾನ ಮೇಷ್ಟ್ರಿಗಿತ್ತು. "ನೋಡಿ ಮೇಡಂ, ಹೇಳಿದ್ದೀನಿ, ಬಂದಷ್ಟು ಬರಲಿ" ಅಂದಿದ್ದರು. ಎಂಟು, ಒಂಬತ್ತನೇ ಕ್ಲಾಸಿನವರು ಕೋಣೆ ತುಂಬ ಬಂದರು. ಜೊತೆಗೆ ಕರೆಯದೇ ಬಂದ ತಮ್ಮಂದಿರು, ತಂಗಿಯರು.

ಮೊದಲ ದಿನ ಬೋರ್ಡನ್ನು ಹೊರಗೆ ತೆಗೆಯಲೇ ಇಲ್ಲ. ಜಗಲಿಗೆ ಬಂದು ನಿಂತೆವು. ಇದು ಸೆಮೋರ್ ಪೇಪರ್ಟ್ ತೋರಿಸಿದ ದಾರಿ. 1967ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಅವರು, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್ಜೈಗ್ ಮತ್ತು ಜೊತೆಗಾರರು ಸೇರಿ ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆ ಇರುತ್ತದೆ. ಮುಂದೆ ಹೋಗು, ಬಲಕ್ಕೆ ತಿರುಗು ಅಂದರೆ ಹಾಗೇ ಮಾಡಿ ಗೆರೆ ಎಳೆಯುತ್ತದೆ. ಆಮೆ ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಮಗು ತಾನೇ ಆಮೆಯಾಗಿ ನಡೆದು ನೋಡಬೇಕು ಅನ್ನುವುದು ಪೇಪರ್ಟ್ ಅವರ ಉಪಾಯ.

ನಮ್ಮಲ್ಲಿ ಒಬ್ಬಳು ರೋಬೋಟ್ ಆದಳು, ಒಬ್ಬ ಆಜ್ಞೆ ಕೊಡುವವನಾದ. ಚೌಕ ಸಲೀಸಾಗಿ ಬಂತು. ನಾಲ್ಕು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ನಾಲ್ಕು ಸಲ. ಆಮೇಲೆ ಸಮಬಾಹು ತ್ರಿಕೋನ ಮಾಡಿ ಅಂದೆ. "60 ಡಿಗ್ರಿ ತಿರುಗು" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಪುಸ್ತಕದಲ್ಲಿ ತ್ರಿಕೋನದ ಕೋನ 60 ಅಂತಲೇ ಇದೆ, ಅಲ್ವಾ. ಹುಡುಗಿ ನಡೆದಳು, 60 ತಿರುಗಿದಳು, ನಡೆದಳು, ತಿರುಗಿದಳು. ಮೂರನೇ ಗೆರೆ ಮುಗಿದಾಗ ಹೊರಟ ಜಾಗದ ಹತ್ತಿರಕ್ಕೂ ಬಂದಿರಲಿಲ್ಲ. ಜಗಲಿ ಮುಗಿದು ಅಂಗಳಕ್ಕೆ ಇಳಿಯಬೇಕಾಯಿತು. "ನಿಲ್ಲಬೇಡ, ನಡೀತಾ ಇರು" ಅಂದೆ. ಆರು ಗೆರೆ ಆದ ಮೇಲೆ ಶುರು ಮಾಡಿದ ಕಂಬದ ಹತ್ತಿರ ಬಂದು ನಿಂತಳು. ಷಟ್ಕೋನ ಆಗಿತ್ತು.

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಗಲಾಟೆಯೋ ಗಲಾಟೆ. ಒಬ್ಬ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿದ. ಒಳಗಿನ ಕೋನ ಬೇರೆ, ನಡೆಯುವವನು ತಿರುಗುವ ಕೋನ ಬೇರೆ ಅಂತ ಅವರೇ ಕಂಡುಕೊಂಡರು. ತಿರುಗಬೇಕಾದ್ದು 120. ಹಿಂದೆ ನಿಂತಿದ್ದ ಒಬ್ಬಳು ಇನ್ನೂ ಮುಂದಕ್ಕೆ ಹೋದಳು. "ಅಕ್ಕಾ, ಎಷ್ಟೇ ಗೆರೆ ಇದ್ದರೂ ಕೊನೆಗೆ ಒಂದು ಪೂರ್ತಿ ಸುತ್ತು ತಿರುಗಿರ್ತೀವಿ. 360ನ್ನ ಗೆರೆ ಎಷ್ಟಿದೆಯೋ ಅಷ್ಟರಿಂದ ಭಾಗಿಸಿದ್ರೆ ಆಯ್ತು." ಐದು ಗೆರೆಗೆ 72 ಅಂತ ಲೆಕ್ಕ ಹಾಕಿ ನಡೆದೂ ತೋರಿಸಿದಳು. ಬಹುಭುಜದ ಹೊರಕೋನಗಳ ಮೊತ್ತ 360 ಅನ್ನುವ ಪಾಠ ಅವಳ ಪುಸ್ತಕದಲ್ಲೇ ಇದೆ. ಅದನ್ನು ಕಾಲಿನಿಂದ ಕಂಡುಕೊಂಡ ಸಂತೋಷ ಅವಳ ಮುಖದಲ್ಲಿತ್ತು. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರ ಮುಖದಲ್ಲಿ ಇನ್ನೂ ಜಾಸ್ತಿ ಇತ್ತು.

ಮಾರನೇ ಸಲ ಕಟ್ಟುವ ಕೆಲಸ. ರೋಬೋಟಿಗೆ ಒಂದು ತಳ ಬೇಕು. ಅಕ್ರಿಲಿಕ್ ಹಲಗೆ ಕೊಳ್ಳುವ ಅಗತ್ಯ ಬೀಳಲಿಲ್ಲ. ನಮ್ಮಲ್ಲಿ ಅಡಿಕೆ ಹಾಳೆಗೆ ಬರವೇ? ಅಚ್ಚಿನಲ್ಲಿ ಒತ್ತಿದ ಹಾಳೆತಟ್ಟೆ ಹಗುರ, ಗಟ್ಟಿ, ಕತ್ತರಿಯಲ್ಲಿ ಕತ್ತರಿಸಬಹುದು, ಸ್ಕ್ರೂ ಹಾಕಬಹುದು. ಅದನ್ನು ಮಗುಚಿ ಹಾಕಿ, ಕೆಳಗೆ ಬಿಓ ಅನ್ನುವ ಎರಡು ಸಣ್ಣ ಹಳದಿ ಮೋಟರ್, ಮುಂದೆ ಎತ್ತ ಬೇಕಾದರೂ ತಿರುಗುವ ಒಂದು ಕ್ಯಾಸ್ಟರ್ ಚಕ್ರ, ಮೇಲೆ ಬ್ಯಾಟರಿ ಮತ್ತು ಬೋರ್ಡು. ಇಂಥ ತಳ ನಾನು ಬ್ರಿಸ್ಟಲ್‌ನಲ್ಲಿ ನೋಡಿಲ್ಲ. ಅಲ್ಲಿನ ಮಕ್ಕಳಿಗೆ ಫೋಟೋ ತೋರಿಸಿದಾಗ ತಮಗೂ ಅದೇ ಬೇಕು ಅಂದರು.

ಮೋಟರನ್ನು ನೇರವಾಗಿ ಬೋರ್ಡಿಗೆ ಸಿಕ್ಕಿಸಬಾರದು ಅಂದಾಗ ಯಾಕೆ ಅನ್ನುವ ಪ್ರಶ್ನೆ ಬಂತು. ಬೋರ್ಡಿನ ಒಂದು ಪಿನ್ ಕೊಡುವ ಕರೆಂಟು ಕೆಲವೇ ಮಿಲಿ ಆಂಪಿಯರ್. ಮೋಟರಿಗೆ ಅದರ ಹತ್ತಾರು ಪಟ್ಟು ಬೇಕು, ಚಕ್ರ ಸಿಕ್ಕಿಕೊಂಡು ನಿಂತರೆ ಇನ್ನೂ ಹೆಚ್ಚು. ಅದಕ್ಕೇ ನಡುವೆ ಮೋಟರ್ ಡ್ರೈವರ್ ಬೇಕು. ಬೋರ್ಡು ಅದಕ್ಕೆ ಸಣ್ಣ ಸೂಚನೆ ಕೊಡುತ್ತದೆ, ಅದು ಬ್ಯಾಟರಿಯಿಂದ ದೊಡ್ಡ ಕರೆಂಟನ್ನು ಮೋಟರಿಗೆ ಬಿಡುತ್ತದೆ. ನಾನು ಇಷ್ಟು ಹೇಳಿ ಮುಗಿಸುವ ಮೊದಲೇ ತೋಟದ ಮನೆಯ ಹುಡುಗನೊಬ್ಬ "ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಥರ" ಅಂದ. ಅವನಿಗೆ ಸ್ಟಾರ್ಟರ್ ಬಿಚ್ಚಿ ಗೊತ್ತು. ಮೂರೂ ಫೇಸ್ ಬಂದರೆ ಪಂಪ್ ಹಾಕು, ಒಂದು ಹೋದರೂ ನಿಲ್ಲಿಸು ಅನ್ನುವ ಆಟೋ ಸ್ವಿಚ್ ಅವನ ಮನೆಯಲ್ಲಿದೆ. ಆದ್ದರಿಂದ "ಹೀಗಿದ್ದರೆ ಹೀಗೆ ಮಾಡು" ಅನ್ನುವ ಬ್ಲಾಕ್ ಅವನಿಗೆ ವಿವರಿಸಬೇಕಾಗಲೇ ಇಲ್ಲ. ಮಲೆನಾಡಿನ ಮಕ್ಕಳು ಹಿಂದೆ ಉಳಿದಿದ್ದಾರೆ ಅನ್ನುವವರು ಈ ಹುಡುಗನ ಜೊತೆ ಅರ್ಧ ಗಂಟೆ ಕೂರಬೇಕು.

ರೋಬೋಟ್ ಓಡಿತು, ಆದರೆ ನೇರವಾಗಿ ಓಡಲಿಲ್ಲ. "ಅಕ್ಕಾ, ಎಡಕ್ಕೇ ಎಳೀತಿದೆ!" ಒಂದೇ ಕಂಪನಿಯ ಎರಡು ಮೋಟರ್ ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಬಲಗಡೆಯದನ್ನು ಸ್ವಲ್ಪ ನಿಧಾನ ಮಾಡಿ ಸರಿಪಡಿಸಿದರು. ಆಮೇಲೆ 90 ಡಿಗ್ರಿ ತಿರುಗಿಸಲು ಎಷ್ಟು ಹೊತ್ತು ಮೋಟರ್ ಓಡಬೇಕು ಅಂತ ಅಳೆದರು. ಆ ಸಂಖ್ಯೆ ಸಿಕ್ಕಿತು, ಚೌಕ ಬಂತು, ಚಪ್ಪಾಳೆ ಆಯಿತು. ಚಹಾ ಕುಡಿದು ಬಂದು ನೋಡಿದರೆ ಅದೇ ಪ್ರೋಗ್ರಾಂನಲ್ಲಿ ಚೌಕ ಕೂಡುತ್ತಿರಲಿಲ್ಲ. ಬ್ಯಾಟರಿ ಇಳಿದಿತ್ತು, ಅಷ್ಟೇ ಹೊತ್ತಿಗೆ ರೋಬೋಟ್ ಕಡಿಮೆ ತಿರುಗುತ್ತಿತ್ತು.

ಈ ಕಲಿಕೆಯ ತಿರುಳು ಇದೇ ಅಂತ ನನಗೆ ಅನ್ನಿಸುತ್ತದೆ. ಪರದೆಯ ಮೇಲಿನ ಆಮೆ ಹೇಳಿದಷ್ಟೇ ತಿರುಗುತ್ತದೆ. ನೆಲದ ಮೇಲಿನ ರೋಬೋಟಿಗೆ ಧೂಳು, ಇಳಿಜಾರು, ಬ್ಯಾಟರಿ ಎಲ್ಲ ಇದೆ. ಬರೀ ಆಜ್ಞೆ ಕೊಟ್ಟರೆ ಸಾಲದು, ತಾನೆಲ್ಲಿದ್ದೇನೆ ಅಂತ ಅದು ಆಗಾಗ ನೋಡಿಕೊಳ್ಳಬೇಕು. ವಾಲ್ಟರ್ ತಮ್ಮ ಆಮೆಗೆ ಕಣ್ಣು ಕೊಟ್ಟದ್ದರ ಅರ್ಥ ಆ ಮಧ್ಯಾಹ್ನ ಮಕ್ಕಳಿಗೆ ತಾನಾಗೇ ಸಿಕ್ಕಿತು.

ಹಾಗಾಗಿ ಮುಂದಿನದು ಗೆರೆ ಹಿಡಿದು ಹೋಗುವ ರೋಬೋಟ್. ಬಿಳಿ ಚಾರ್ಟ್ ಶೀಟಿನ ಮೇಲೆ ಕರೀ ಇನ್ಸುಲೇಷನ್ ಟೇಪ್. ರೋಬೋಟಿನ ಮೂತಿಯ ಕೆಳಗೆ, ಟೇಪಿನ ಆ ಕಡೆ ಒಂದು ಈ ಕಡೆ ಒಂದು ಐಆರ್ ಸೆನ್ಸರ್. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕೆಳಗೆ ಬಿಡುತ್ತದೆ. ಬಿಳಿ ಕಾಗದ ಅದನ್ನು ತಿರುಗಿ ಕಳಿಸುತ್ತದೆ, ಕರೀ ಟೇಪ್ ನುಂಗುತ್ತದೆ. ಎರಡೂ ಬಿಳಿ ಕಂಡರೆ ನೇರ ಹೋಗು. ಎಡಗಡೆಯದಕ್ಕೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಡೆಯದಕ್ಕೆ ಕಂಡರೆ ಬಲಕ್ಕೆ. ಎರಡಕ್ಕೂ ಕಪ್ಪು ಕಂಡರೆ ನಿಲ್ಲು. ನಾಲ್ಕೇ ನಿಯಮ.

ಕೋಣೆಯಲ್ಲಿ ಚೆನ್ನಾಗಿ ಓಡಿದ್ದು, ಅಂಗಳಕ್ಕೆ ತಂದಾಗ ಹುಚ್ಚುಹುಚ್ಚಾಗಿ ಆಡಿತು. ಪ್ರೋಗ್ರಾಂ ಕೆಟ್ಟಿದೆ ಅಂತ ಒಂದು ಗುಂಪು, ವೈರ್ ಸಡಿಲ ಅಂತ ಇನ್ನೊಂದು. ಒಬ್ಬಳು ತನ್ನ ಕೈಯನ್ನು ರೋಬೋಟಿನ ಮೇಲೆ ಅಡ್ಡ ಹಿಡಿದಳು. ನೆರಳು ಬಿದ್ದ ಕೂಡಲೇ ಸರಿಯಾಯಿತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಬೇಕಾದಷ್ಟಿದೆ, ಸೆನ್ಸರಿಗೆ ಎಲ್ಲವೂ ಬಿಳಿಯಾಗಿ ಕಾಣುತ್ತಿತ್ತು. ಹಾಳೆಯ ಚೂರುಗಳಿಂದ ಸೆನ್ಸರಿನ ಸುತ್ತ ಒಂದು ಮರೆ ಕಟ್ಟಿದರು. ನಾನು ಆ ಹೊತ್ತಿಗೆ ಒಂದು ಮಾತೂ ಆಡಿರಲಿಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಬಿಟ್ಟರೆ ಸ್ಕ್ರೂಡ್ರೈವರ್ ಹುಡುಗರ ಕೈಗೆ ಹೋಗುತ್ತದೆ, ನೋಟ್‌ಬುಕ್ ಹುಡುಗಿಯರ ಕೈಗೆ. ಬ್ರಿಸ್ಟಲ್‌ನಲ್ಲೂ ಹೀಗೇ, ಊರಲ್ಲೂ ಹೀಗೇ. ಅದಕ್ಕೆ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಾಯಿಸುವ ನಿಯಮ ಮಾಡಿದೆವು. ಕಟ್ಟುವವರು ಬರೆಯಬೇಕು, ಬರೆಯುವವರು ಕಟ್ಟಬೇಕು. ಇದನ್ನು ಮಕ್ಕಳ ಇಷ್ಟಕ್ಕೆ ಬಿಡಬಾರದು. ನೆರಳು ಹಿಡಿದ ಹುಡುಗಿ ಆ ಹೊತ್ತಿಗೆ ರೋಬೋಟ್ ಪಕ್ಕದಲ್ಲಿ ಕೂತಿದ್ದದ್ದು ಈ ನಿಯಮದಿಂದ.

ನಮ್ಮ ದೇಶದಲ್ಲೂ ವ್ಯವಸ್ಥೆ ಇಲ್ಲ ಅಂತಿಲ್ಲ. 2016ರಲ್ಲಿ ಶುರುವಾದ ಅಟಲ್ ಇನ್ನೊವೇಷನ್ ಮಿಷನ್ನಿನಿಂದ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಕೈಯಾರೆ ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ, ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಇನ್ನೂ 50,000 ಲ್ಯಾಬ್‌ಗಳನ್ನು ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದಲ್ಲಿ ತೆರೆಯುವುದಾಗಿ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. ತುಂಬ ಒಳ್ಳೆಯದು. ಆದರೆ ಹಾಳಾದರೆ ಯಾರು ಲೆಕ್ಕ ಕೊಡಬೇಕು ಅನ್ನುವ ಹೆದರಿಕೆಯಿಂದ ಕಿಟ್ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುವುದನ್ನೂ ನಾನು ನೋಡಿದ್ದೇನೆ. ಮೋಟರ್ ಸುಡುತ್ತದೆ, ವೈರ್ ತುಂಡಾಗುತ್ತದೆ. ಅದನ್ನು ಸೀಮೆಸುಣ್ಣದ ಖರ್ಚಿನಷ್ಟೇ ಸಹಜ ಅಂತ ಶಾಲೆ ಒಪ್ಪಿಕೊಳ್ಳಬೇಕು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವವರು ಈ ಬರಹ ಓದುತ್ತಿದ್ದರೆ ಒಂದು ಕೋರಿಕೆ: ರಜೆಗೆ ಊರಿಗೆ ಹೋದಾಗ ನೀವು ಓದಿದ ಶಾಲೆಗೆ ಒಂದು ಮಧ್ಯಾಹ್ನ ಕೊಡಿ. ಮೇಷ್ಟ್ರಿಗೆ ಎಲ್ಲ ಗೊತ್ತಿರಬೇಕಾಗಿಲ್ಲ, ನಿಮಗೂ ಗೊತ್ತಿರಬೇಕಾಗಿಲ್ಲ. ಮಕ್ಕಳ ಜೊತೆ ಹುಡುಕುವ ತಾಳ್ಮೆ ಇದ್ದರೆ ಆಯಿತು.

ಬೋರ್ಡುಗಳನ್ನು ಶಾಲೆಯಲ್ಲೇ ಬಿಟ್ಟು ಬಂದೆ. ಈಗ ಮಕ್ಕಳು ಗಿಡದ ಬುಡದ ತೇವ ನೋಡಿ ನೀರು ಬಿಡುವ ಯಂತ್ರ ಮಾಡುತ್ತಿದ್ದಾರೆ. ಮೊನ್ನೆ ಮೇಷ್ಟ್ರ ಫೋನಿನಿಂದ ಫೋಟೋ ಬಂತು. ಮಣ್ಣಿನಲ್ಲಿ ಹೂತಿಟ್ಟ ಸೆನ್ಸರಿನ ಕಾಲುಗಳು ಕೆಲವೇ ದಿನಕ್ಕೆ ಕರಗಿ ಹೋಗಿವೆ, ಯಾಕೆ ಅಕ್ಕ, ಗೊಬ್ಬರದಿಂದಲಾ? ಒದ್ದೆ ಮಣ್ಣಿನಲ್ಲಿ ಯಾವಾಗಲೂ ಕರೆಂಟು ಹರಿಯುತ್ತಿದ್ದರೆ ಲೋಹ ಸವೆಯುತ್ತದೆ, ನಿಮ್ಮ ವಿಜ್ಞಾನ ಪುಸ್ತಕದ ವಿದ್ಯುದ್ವಿಭಜನೆ ಪಾಠ ತೆಗೆದು ನೋಡಿ ಅಂತ ಬರೆದೆ. ಪರಿಹಾರ ಹೇಳಲಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು: ಗಂಟೆಗೊಮ್ಮೆ ಒಂದು ಸೆಕೆಂಡ್ ಮಾತ್ರ ಕರೆಂಟು ಕೊಟ್ಟು, ಓದಿ, ಮತ್ತೆ ಆಫ್ ಮಾಡುವ ಹಾಗೆ ಪ್ರೋಗ್ರಾಂ ಬದಲಾಯಿಸಿದ್ದಾರೆ. ಹೊಸ ಸೆನ್ಸರ್ ಎರಡು ಬೇಕಂತೆ, ಈ ವಾರ ತರಿಸಿಕೊಡುತ್ತಿದ್ದೇನೆ.