ಯಾವ ಕಪ್ಪು ಬೇಕು?

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ತೆಗೆದ ಒಂದು ಫೋಟೋ. ಕಡಲೆಕಾಯಿ ರಾಶಿ ಹಾಕಿಕೊಂಡು ಕೂತ ಅಜ್ಜಿ, ಬೆಳ್ಳಗಿನ ತಲೆಗೂದಲು, ಹಿಂದೆ ಗೋಣಿಚೀಲಗಳ ಕತ್ತಲು. ಅಜ್ಜಿ ವರ್ಷವರ್ಷವೂ ಅದೇ ಜಾಗಕ್ಕೆ ಬರುತ್ತಾರೆ. ಕಪ್ಪು-ಬಿಳುಪಿನಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ ಅವರಿಗೇ ಕೊಡಬೇಕು ಅಂತ ನನಗೆ ಆಸೆ.

ಯಾವ ಶಾಯಿಯಲ್ಲಿ ಪ್ರಿಂಟ್ ಮಾಡೋದು ಅಂತ ನೋಡಲು ಹನುಮಂತನಗರದ ಚಿಕ್ಕಪ್ಪನ ಮನೆಗೆ ಹೋದೆ. ಒಂದು ಕಾಲದಲ್ಲಿ ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಬ್ರೋಮೈಡ್ ಪೇಪರ್ ತೊಳೆದವರು ಅವರು. ಹಿಂದಿನ ದಿನವೇ ಆ ಫೋಟೋವನ್ನು ಎರಡು ಬಗೆಯ ಶಾಯಿಯಲ್ಲಿ ಪ್ರಿಂಟ್ ಹಾಕಿ ರಾತ್ರಿಯೆಲ್ಲ ಒಣಗಲು ಬಿಟ್ಟಿದ್ದರು. ಶಾಯಿ ಪೂರ್ತಿ ಒಣಗದೆ ಅದರ ಬಣ್ಣ ಹೇಳಬಾರದು ಅನ್ನೋದು ಅವರ ನಿಯಮ.

ನನ್ನ ಮನೆಯ ಇಂಕ್‌ಟ್ಯಾಂಕ್ ಪ್ರಿಂಟರ್‌ನಲ್ಲಿ ಮಾಡಿದ್ದನ್ನೂ ಸೇರಿಸಿ ಮೂರನ್ನೂ ಟ್ಯೂಬ್‌ಲೈಟ್ ಕೆಳಗೆ ಇಟ್ಟೆವು.

"ನಿಂದು ಹಸಿರು ಹೊಡೀತಿದೆ ನೋಡಮ್ಮ," ಅಂದರು.

ಕಿಟಕಿಯ ಹತ್ತಿರ ಹಿಡಿದರೆ ಅದೇ ಪ್ರಿಂಟ್ ಗುಲಾಬಿ ಕಡೆಗೆ ವಾಲಿತು. ನೀಲಿ, ಕೆಂಪು, ಹಳದಿ ಶಾಯಿ ಬೆರೆಸಿ ಬೂದು ಮಾಡಿದರೆ ಹೀಗೇ. ಒಂದೊಂದು ಬೆಳಕಿಗೆ ಒಂದೊಂದು ಬಣ್ಣ. ಅದನ್ನು ಪಕ್ಕಕ್ಕಿಟ್ಟೆವು.

ಎರಡನೆಯದು ಪ್ರಿಂಟರ್ ಕಂಪನಿ ಎಪ್ಸನ್ನಿನ ಕೆ3 ಶಾಯಿಯದು. 2005ರಲ್ಲಿ ಬಂದ ಈ ಶಾಯಿಯಲ್ಲಿ ಕಪ್ಪಿನ ಜೊತೆಗೆ ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು ಅಂತ ಎರಡಿವೆ. ಕಪ್ಪು-ಬಿಳುಪಿಗೆ ಅಂತಲೇ ಇರುವ ಮೋಡ್‌ನಲ್ಲಿ ಬಣ್ಣದ ಶಾಯಿ ತೀರಾ ಕಡಿಮೆ ಬೀಳುತ್ತದೆ. ಚೆನ್ನಾಗಿತ್ತು. ಅದೇ ಪ್ರಿಂಟರ್‌ನಲ್ಲಿ ಬಣ್ಣದ ಫೋಟೋನೂ ಮಾಡಬಹುದು. ತುಂಬಾ ಜನಕ್ಕೆ ಇಷ್ಟು ಸಾಕು.

ಮೂರನೆಯದರ ಮುಂದೆ ಮಾತ್ರ ನಾನು ಕೂತೇಬಿಟ್ಟೆ. ಅದು ಪೀಜೋಗ್ರಫಿ. ಅಮೆರಿಕದ ವರ್ಮಾಂಟ್‌ನ ಜಾನ್ ಕೋನ್ ರೂಪಿಸಿದ ಶಾಯಿ. ಬಣ್ಣದ ಕಾರ್ಟ್ರಿಡ್ಜ್‌ಗಳನ್ನೆಲ್ಲ ತೆಗೆದು ಕಪ್ಪಿನಿಂದ ತಿಳಿ ಬೂದಿನವರೆಗೆ 7 ಛಾಯೆ ತುಂಬಿಸುತ್ತಾರೆ. ಪ್ರಿಂಟರ್ ನಡೆಸುವುದಕ್ಕೆ ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಅನ್ನೋ ತಂತ್ರಾಂಶ.

ಚಿಕ್ಕಪ್ಪ ಭೂತಗನ್ನಡಿ ಕೊಟ್ಟರು. ಅಜ್ಜಿಯ ಕಿವಿಯ ಹತ್ತಿರ, ಕೂದಲು ಕೆನ್ನೆಗೆ ಸೇರುವ ಕಡೆ ನೋಡಿದೆ. ಕಪ್ಪು ಶಾಯಿಯೊಂದರಲ್ಲೇ ತಿಳಿ ಬೂದು ಬೇಕಾದರೆ ಚುಕ್ಕಿಗಳನ್ನು ದೂರ ದೂರ ಹಾಕಬೇಕು. ಅವು ಮರಳು ಚೆಲ್ಲಿದ ಹಾಗೆ ಕಾಣುತ್ತವೆ. ಇಲ್ಲಿ ತಿಳಿ ಶಾಯಿಯೇ ಇರುವುದರಿಂದ ಚುಕ್ಕಿಗಳು ಒತ್ತೊತ್ತಾಗಿ ಬಿದ್ದು ಕಾಣಿಸುವುದೇ ಇಲ್ಲ. ಒಂದೊಂದು ಸುಕ್ಕೂ ಮೆತ್ತಗೆ ತಿರುಗಿ ಇಳಿಯುತ್ತಿತ್ತು. ಗೋಣಿಯ ಮಡಿಕೆಯೊಳಗಿನ ನೇಯ್ಗೆ ಕೂಡ ಕಂಡಿತು. ಉಳಿದೆರಡರಲ್ಲಿ ಅಲ್ಲಿ ಸುಮ್ನೆ ಕಪ್ಪು.

ಬಣ್ಣ ಸ್ವಲ್ಪ ಕಂದು. ಈ ಶಾಯಿಯ ಕಪ್ಪು ಇಂಗಾಲದ್ದು, ಇಂಗಾಲದ ಗುಣವೇ ಅದು. ಯಾವ ಬಣ್ಣಕ್ಕೂ ವಾಲದ ಬೂದು ಬೇಕಾದರೆ ಅದಕ್ಕೆ ಬೇರೆ ಬಣ್ಣದ ಪಿಗ್ಮೆಂಟ್, ಅಂದರೆ ನುಣ್ಣನೆಯ ಬಣ್ಣದ ಪುಡಿ, ಸೇರಿಸಬೇಕು. ಹಾಗೆ ಮಾಡಿದ ನ್ಯೂಟ್ರಲ್ ಸೆಟ್, ಡಾರ್ಕ್‌ರೂಮ್‌ನ ಸೆಲೆನಿಯಂ ಪ್ರಿಂಟ್‌ಗಳ ಛಾಯೆ ಕೊಡುವ ಸೆಲೆನಿಯಂ ಸೆಟ್ ಕೂಡ ಸಿಗುತ್ತವೆ. ಆದರೆ ಬೆಳಕಿಗೆ ಮಾಸದೆ ಉಳಿಯುವುದರಲ್ಲಿ ಅಪ್ಪಟ ಇಂಗಾಲದ್ದೇ ಮೇಲುಗೈ. ಅಜ್ಜಿಯ ಮನೆಗೋಡೆಗೆ, ಕಡಲೆಕಾಯಿಯ ಕಂದಿಗೆ, ಆ ಮುಖಕ್ಕೆ ಇದೇ ಸರಿ ಅಂತ ನನ್ನ ತೀರ್ಮಾನ. ಪೇಪರ್ ಕೂಡ ಹೊಳಪಿಲ್ಲದ ಹತ್ತಿಯದು, ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕದ್ದು.

ಇದನ್ನು ಸಾಕುವುದು ಸುಲಭವಲ್ಲ. ಆ ಪ್ರಿಂಟರ್‌ನಲ್ಲಿ ಇನ್ನು ಬಣ್ಣ ಇಲ್ಲ. ಪಿಗ್ಮೆಂಟ್ ತಳಕ್ಕೆ ಕೂರುತ್ತದೆ, ಕಾರ್ಟ್ರಿಡ್ಜ್ ಆಗಾಗ ಅಲ್ಲಾಡಿಸಬೇಕು. ಬೆಂಗಳೂರಿನ ಫೆಬ್ರವರಿ-ಮಾರ್ಚ್‌ನ ಒಣಹವೆಯಲ್ಲಿ ಸುಮ್ಮನೆ ಬಿಟ್ಟರೆ ಶಾಯಿ ಚಿಮ್ಮುವ ನಾಜಲ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಚಿಕ್ಕಪ್ಪ ವಾರಕ್ಕೊಂದಾದರೂ ಹಾಳೆ ಓಡಿಸುತ್ತಾರೆ.

ಹೊರಡುವಾಗ ಲಾಲ್‌ಬಾಗ್ ಬಂಡೆಯ ಮೇಲೆ ಮಳೆ ನೀರು ಹರಿಯುವ ಫೋಟೋ ತೋರಿಸಿದೆ. ಇದನ್ನೂ ಇದೇ ಶಾಯಿಯಲ್ಲಿ ಮಾಡೋಣ್ವಾ ಅಂದೆ.

"ಒದ್ದೆ ಕಲ್ಲಿಗೆ ಕಂದು ಯಾಕಮ್ಮ? ಇದಕ್ಕೆ ಸೆಲೆನಿಯಂ ಸೆಟ್ ತರಿಸೋಣ," ಅಂದರು. ನನಗೆ ನ್ಯೂಟ್ರಲ್ ಮೇಲೆ ಮನಸ್ಸು. ಎರಡರ ಸ್ಯಾಂಪಲ್ ಪ್ರಿಂಟ್ ತರಿಸಿ, ಅದೇ ಕಿಟಕಿಯ ಹತ್ತಿರ ಹಿಡಿದು ನೋಡೋದು ಅಂತ ಆಗಿದೆ.