ನಾಲ್ಕು ಸಾವಿರ ದಾಟಿದೊಡನೆ ಮುಗ್ಗರಿಸುವ ಎಂಜಿನ್

ಹಾಸನದ ಗ್ಯಾರೇಜಿಗೆ ಬಂದ ಆ ಕಾರು 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ. ಗುಂಡ್ಯದಿಂದ ಸಕಲೇಶಪುರದತ್ತ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ 4,000 ಆರ್‌ಪಿಎಂ ದಾಟಿದರೆ ಸಾಕು, ಗಾಡಿ ಜಗ್ಗಿ ಜಗ್ಗಿ ನಡೆಯುತ್ತಿತ್ತು, ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ಐಡ್ಲಿಂಗ್‌ನಲ್ಲಿ ಕಿಂಚಿತ್ತೂ ನಡುಕವಿಲ್ಲ. ಬೇರೆ ಕಡೆ ಫ್ಯೂಯೆಲ್ ಪಂಪನ್ನೂ ಬದಲಾಯಿಸಿ ಆಗಿತ್ತು. ತೊಂದರೆ ಮಾತ್ರ ಹಾಗೇ ಇತ್ತು.

ಮೊದಲು ಮಾಡಬೇಕಾದ್ದು, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ನೋಡುವುದು. ಆ ಗಾಡಿ ನಿಂತಲ್ಲೇ 5,000ದವರೆಗೆ ನುಣ್ಣಗೆ ಏರಿತು. ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿದಂತೆ. ನ್ಯೂಟ್ರಲ್‌ನಲ್ಲಿ ಥ್ರಾಟಲ್ ಸ್ವಲ್ಪವೇ ತೆರೆದಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿ ಕಡಿಮೆ, ಕಿಡಿ ಹಾರುವ ಹೊತ್ತಿಗೆ ಒಳಗಿನ ಒತ್ತಡವೂ ಕಡಿಮೆ. ಘಾಟಿಯಲ್ಲಿ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ‘ಹೈ ಆರ್‌ಪಿಎಂ ಮಿಸ್‌ಫೈರ್’ (ವೇಗ ಹೆಚ್ಚಾದಾಗ ಸಿಲಿಂಡರ್ ಉರಿಯದೆ ತಪ್ಪುವುದು) ಎಂದು ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ನಿಜವಾದ ಕಾಯಿಲೆ ಎಂಜಿನ್ ಮೇಲೆ ಬೀಳುವ ಭಾರದ್ದು, ಅಂದರೆ ಲೋಡ್‌ನದ್ದು. ನ್ಯೂಟ್ರಲ್‌ನಲ್ಲೂ ಅದೇ ಆರ್‌ಪಿಎಂಗೆ ಕಡಿತ ಬಂದಿದ್ದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಅಥವಾ ಸೋತ ವಾಲ್ವ್ ಸ್ಪ್ರಿಂಗ್ ಕಡೆ ನೋಡಬೇಕಿತ್ತು.

ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವುದು ಕಾಯಿಲ್. ‘ವೇಗ ಹೆಚ್ಚಾದಾಗ ಕಾಯಿಲ್ ಚಾರ್ಜ್ ಆಗಲು ಸಮಯ ಸಾಲುವುದಿಲ್ಲ’ ಎಂಬ ಮಾತು ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಇದೆ. ಒಂದೇ ಕಾಯಿಲ್‌ನ ಕಿಡಿಯನ್ನು ಎಲ್ಲ ಸಿಲಿಂಡರಿಗೂ ಹಂಚುತ್ತಿದ್ದ ಡಿಸ್ಟ್ರಿಬ್ಯೂಟರ್ ಕಾಲದಲ್ಲಿ ಅದು ನಿಜವೇ: 6,000 ಆರ್‌ಪಿಎಂನಲ್ಲಿ ಒಂದೇ ಕಾಯಿಲ್ ಸೆಕೆಂಡಿಗೆ 200 ಕಿಡಿ ಕೊಡಬೇಕು, ಒಂದೊಂದಕ್ಕೆ ಸಿಗುವುದು 5 ಮಿಲಿಸೆಕೆಂಡ್. ಪ್ಲಗ್ ಮೇಲೆಯೇ ಕೂರುವ ಕಾಯಿಲ್‌ಗೆ ಅದೇ ವೇಗದಲ್ಲಿ 20 ಮಿಲಿಸೆಕೆಂಡ್ ಸಿಗುತ್ತದೆ. ಚಾರ್ಜ್ ಆಗಲು ಅದು ಧಾರಾಳ. ಹಾಗಾಗಿ ಇಂಥ ಗಾಡಿಗಳಲ್ಲಿ ಚಾರ್ಜ್ ಆಗುವ ಸಮಯಕ್ಕಿಂತ ಮೊದಲು ಇನ್ಸುಲೇಶನ್ ಮತ್ತು ಗ್ಯಾಪ್ ಅನ್ನು ಅನುಮಾನಿಸಬೇಕು.

ಸ್ಕ್ಯಾನರ್ ಹಾಕಿದಾಗ ಪಿ0300 (ಯಾವುದೇ ಒಂದು ಸಿಲಿಂಡರಿಗೆ ಸೀಮಿತವಲ್ಲದ ಮಿಸ್‌ಫೈರ್), ಪಿ0303 (3ನೇ ಸಿಲಿಂಡರಿನ ಮಿಸ್‌ಫೈರ್) ಎಂಬ ದೋಷದ ಕೋಡ್ ಎರಡೂ ಇದ್ದವು. ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್, ಅಂದರೆ ದೋಷ ದಾಖಲಾದ ಕ್ಷಣದ ಎಂಜಿನ್ ಸ್ಥಿತಿ, ಓದಿಕೊಳ್ಳಬೇಕು, ಅಳಿಸಿದರೆ ಅದೂ ಹೋಗುತ್ತದೆ. 4,200ರ ಆಸುಪಾಸು ಆರ್‌ಪಿಎಂ, ಸುಮಾರು 90 ಶೇಕಡಾ ಲೋಡ್, ಎಂಜಿನ್ ಪೂರ್ತಿ ಬಿಸಿ; ಮಾಲೀಕರು ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು.

ಮುಂದೆ ಕಿಡಿಯೋ ಇಂಧನವೋ ಎಂಬುದನ್ನು ಬೇರ್ಪಡಿಸಬೇಕು. ಪಕ್ಕದಲ್ಲಿ ಒಬ್ಬರು ಸ್ಕ್ಯಾನರ್ ಹಿಡಿದು ಕೂತು, ಖಾಲಿ ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2,500ರಿಂದ ಪೂರ್ತಿ ಥ್ರಾಟಲ್ ಕೊಡುತ್ತಾ ಮುಂದಿನ ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ನೋಡಬೇಕು. ಸಾಮಾನ್ಯ ನ್ಯಾರೋಬ್ಯಾಂಡ್ ಸೆನ್ಸರ್ ಆದರೆ 0.8ರಿಂದ 0.9 ವೋಲ್ಟ್‌ನಲ್ಲಿ ನಿಲ್ಲಬೇಕು. ಜಗ್ಗುವುದಕ್ಕೂ ಮುಂಚೆಯೇ ಅದು 0.2ಕ್ಕೆ ಕುಸಿದರೆ ಪಂಪ್, ಫಿಲ್ಟರ್ ಸಾಕಷ್ಟು ಪೆಟ್ರೋಲ್ ಕಳಿಸುತ್ತಿಲ್ಲ. ಕುಸಿತ ಜಗ್ಗಿದ ಮೇಲೆ ಬಂದರೆ ಅದನ್ನು ನಂಬಬಾರದು; ಉರಿಯದೆ ಹೋದ ಸಿಲಿಂಡರಿನ ಆಮ್ಲಜನಕವೇ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾದ್ದರಿಂದ ಸೊರಗಿದ ಪಂಪ್ ಈಗ ಬೇಗ ಬಯಲಾಗುತ್ತದೆ, ಈ ಪರೀಕ್ಷೆ ಬಿಡಬಾರದು. ಈ ಗಾಡಿಯಲ್ಲಿ ಜಗ್ಗುವ ಕ್ಷಣದವರೆಗೂ 0.85 ಕದಲಲಿಲ್ಲ. ಪಂಪ್ ಬದಲಾಯಿಸುವ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಟ್ಟಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಇನ್ನು ಅದಲುಬದಲು. 3ನೇ ಸಿಲಿಂಡರಿನ ಕಾಯಿಲ್ ಅನ್ನು ಬೂಟ್ (ಪ್ಲಗ್ ಮೇಲೆ ಕೂರುವ ರಬ್ಬರ್ ಕೊಳವೆ) ಸಮೇತ 1ಕ್ಕೆ, 3ನೆಯದರ ಪ್ಲಗ್ಗನ್ನು 2ಕ್ಕೆ ಹಾಕಿ, ಇಂಜೆಕ್ಟರನ್ನು ಅಲ್ಲೇ ಬಿಟ್ಟು ಮತ್ತೆ ಅದೇ ಏರಿನಲ್ಲಿ ಓಡಿಸಿದೆವು. ಮಿಸ್‌ಫೈರ್ 3ರಲ್ಲೇ ಉಳಿದರೆ ಇಂಜೆಕ್ಟರ್, ಕಂಪ್ರೆಶನ್ ಅಥವಾ ವಾಲ್ವ್. 1ಕ್ಕೆ ಹೋದರೆ ಕಾಯಿಲ್ ಅಥವಾ ಬೂಟ್. 2ಕ್ಕೆ ಹೋದರೆ ಪ್ಲಗ್. ಒಂದೇ ಓಟದಲ್ಲಿ ಮೂರು ಪ್ರಶ್ನೆ ಮುಗಿಯುತ್ತವೆ. ಸ್ಕ್ಯಾನರಿನಲ್ಲಿ ಮಿಸ್‌ಫೈರ್ ಎಣಿಕೆ 2ರಲ್ಲಿ ಜಾಸ್ತಿ ಏರಿತು, 1ರಲ್ಲಿ ಅಲ್ಲೊಂದು ಇಲ್ಲೊಂದು, 3 ಸ್ವಚ್ಛ.

ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಬಿಳಿ ಪಿಂಗಾಣಿಯ ಮೇಲೆ ಕಾಯಿಲ್ ಕಡೆಯ ತುದಿಯಿಂದ ಲೋಹದ ಷಡ್ಭುಜದವರೆಗೆ ಪೆನ್ಸಿಲ್‌ನಲ್ಲಿ ಎಳೆದಂಥ ತೆಳು ಕಪ್ಪು ಗೆರೆ. ಗ್ಯಾಪ್ 1.1 ಮಿ.ಮೀ. ಇರಬೇಕಾದಲ್ಲಿ 1.4ಕ್ಕೆ ಸವೆದಿತ್ತು. ಗ್ಯಾಪ್ ದಾಟುವುದು ಕಷ್ಟವಾದಾಗ ಕಿಡಿ ಪಿಂಗಾಣಿಯ ಹೊರಮೈ ಹಿಡಿದು ಸಿಲಿಂಡರ್ ಹೆಡ್‌ಗೆ ಇಳಿಯುತ್ತದೆ, ಒಮ್ಮೆ ಇಂಗಾಲದ ದಾರಿ ಬಿದ್ದರೆ ಮತ್ತೆ ಮತ್ತೆ ಅಲ್ಲೇ ಹರಿಯುತ್ತದೆ. ಬೂಟ್ ಒಳಗೂ ಅದಕ್ಕೆ ಎದುರಾಗಿ ಅಂಥದೇ ಗೆರೆ ಇತ್ತು; 1ರಲ್ಲಿ ಬಿಟ್ಟುಬಿಟ್ಟು ಬಂದ ಎಣಿಕೆ ಅದರಿಂದಲೇ. ಹಳೇ ಬೂಟ್‌ಗೆ ಹೊಸ ಪ್ಲಗ್ ಹಾಕಿದರೆ ಆ ಗೆರೆ ಹೊಸ ಪಿಂಗಾಣಿಯನ್ನೂ ಹಾಳುಮಾಡುತ್ತದೆ, ಎರಡನ್ನೂ ಒಟ್ಟಿಗೆ ಬದಲಾಯಿಸಲೇಬೇಕು. ಷಡ್ಭುಜದ ಮೇಲಂಚಿನಲ್ಲಿ ಕಾಣುವ ಕಂದು ಉಂಗುರ ಮಾತ್ರ ನಿರುಪದ್ರವಿ. ಅದನ್ನು ಕಂಡು ‘ಗ್ಯಾಸ್ ಲೀಕ್’ ಎಂದು ಪ್ಲಗ್ ಎಸೆಯುವವರಿದ್ದಾರೆ, ಅದು ಹೆಚ್ಚು ವೋಲ್ಟೇಜ್‌ನಿಂದ ಸುತ್ತಲಿನ ಗಾಳಿಗೆ ವಿದ್ಯುತ್ ಸೋರಿದಾಗ ಕೂರುವ ‘ಕರೋನಾ’ ಕಲೆ ಅಷ್ಟೆ.

ಮಲ್ಟಿಮೀಟರ್ ಈ ದೋಷವನ್ನು ತೋರಿಸುವುದಿಲ್ಲ. ಅದರ ಸಣ್ಣ ವೋಲ್ಟೇಜ್‌ನಲ್ಲಿ ಸರಿಯಿರುವ ಇನ್ಸುಲೇಶನ್ ಸಾವಿರಾರು ವೋಲ್ಟ್ ಬಂದಾಗ ಸೋರುತ್ತದೆ.

ಎಂಜಿನ್ ತಣ್ಣಗಾದ ಮೇಲೆ ನಾಲ್ಕೂ ಪ್ಲಗ್, ನಾಲ್ಕೂ ಬೂಟ್ ಹೊಸದು ಹಾಕಿದೆವು. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಲು ಹೋದರೆ ಥ್ರೆಡ್ ಕಿತ್ತುಬರುವ ಅಪಾಯವಿದೆ. ಇರಿಡಿಯಂ ಪ್ಲಗ್ಗಿನ ನಡುತುದಿಯನ್ನು ಗೇಜ್‌ನಿಂದ ಮೀಟಬಾರದು. ಬೂಟ್ ಬಾಯಿಗೆ ಒಳಗಡೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್, ಬಿಗಿತ ಟಾರ್ಕ್ ರೆಂಚ್‌ನಲ್ಲಿ ಕೈಪಿಡಿಯ ಅಳತೆಗೆ. ಪ್ಲಗ್ ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಮೊದಲು, ಇಲ್ಲಿ ಒಣಗಿತ್ತು.

ಕೊನೆಗೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್. ದೀಪ ಮಿಣುಕುತ್ತಿದ್ದಷ್ಟು ಹೊತ್ತೂ ಉರಿಯದ ಪೆಟ್ರೋಲ್ ಅಲ್ಲಿಗೇ ಹೋಗಿ ಉರಿಯುತ್ತದೆ, ಒಳಗಿನ ಜೇನುಗೂಡು ಕರಗಿ ಮುಚ್ಚಿಕೊಳ್ಳಬಹುದು. ಅದಕ್ಕೇ ದೀಪ ಮಿಣುಕಿದ ತಕ್ಷಣ ಕಾಲು ಸಡಿಲಿಸಬೇಕು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿದರೆ 2,500 ಆರ್‌ಪಿಎಂನಲ್ಲಿ ಸುಮಾರು 0.2 ಬಾರ್ ಮೀರಬಾರದು. ಮೀರಿರಲಿಲ್ಲ. ಮತ್ತೆ ಅದೇ ಏರಿನಲ್ಲಿ ಮೂರನೇ ಗೇರಿನಲ್ಲಿ 5,500ದವರೆಗೆ ಎಳೆಸಿದಾಗ ನಾಲ್ಕೂ ಸಿಲಿಂಡರಿನ ಎಣಿಕೆ ಸೊನ್ನೆಯಲ್ಲೇ ನಿಂತಿತು.