ಮಂಥರೆಯ ವೇಷದಲ್ಲಿ ಉಮಾಶ್ರೀ

20 ಜನವರಿ 2025, ಸೋಮವಾರ

ತಂಗಿ ಹೊನ್ನಾವರದಿಂದ ಒಂದು ವಿಡಿಯೋ ಕಳಿಸಿದ್ದಾಳೆ. ಪೆರ್ಡೂರು ಮೇಳದ ಯಕ್ಷಗಾನದಲ್ಲಿ ಉಮಾಶ್ರೀ ಮಂಥರೆ. ಜನರ ತಲೆಗಳ ನಡುವಿನಿಂದ ತೆಗೆದದ್ದು, ಕೈ ಅಲುಗಾಡಿದೆ, ಚಂಡೆ ಸದ್ದಿಗೆ ಮಾತು ಅರ್ಧ ಕೇಳುವುದಿಲ್ಲ. ಆದರೂ ಬಿಡದೆ ತಿರುಗಾ ಮುರುಗಾ ನೋಡಿದೆ. ಬಾಗಿದ ಬೆನ್ನು, ಓರೆಯಾಗಿ ಮೇಲೆತ್ತಿದ ಮುಖ. ಆ ಬೆನ್ನು ಒಂದು ಕ್ಷಣವೂ ನೆಟ್ಟಗಾಗುವುದಿಲ್ಲ.

ಅಮ್ಮನಿಗೂ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಪೂರ್ತಿ ನೋಡಿದಳು. ಆಮೇಲೆ ಕೇಳಿದಳು, "ಯಾಕಂತೆ ಇವಳಿಗೆ ಇದೆಲ್ಲ? ಮಂತ್ರಿ ಆಗಿದ್ದೋಳು. ಈಗಲೂ ಎಂಎಲ್‌ಸಿ. ಸೀರಿಯಲ್‌ನಲ್ಲಿ ಪುಟ್ಟಕ್ಕನ ಪಾರ್ಟ್ ಬೇರೆ ಇದೆ. ಈ ವಯಸ್ನಲ್ಲಿ ಬೆನ್ನು ಬಗ್ಗಿಸ್ಕೊಂಡು ಕುಣೀಬೇಕಾ?"

ಅಮ್ಮನಿಗೆ ಉಮಾಶ್ರೀ ಅಂದರೆ ನಮ್ಮ ತಿಪಟೂರು ಸೀಮೆಯವಳು, ನೊಣವಿನಕೆರೆಯವಳು. ಅದಕ್ಕೇ ಈ ಏಕವಚನ, ಮನೆಮಗಳ ಮೇಲಿನ ಸಿಟ್ಟು. ಪುಟ್ಟಕ್ಕನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದದ್ದಕ್ಕೆ ಅಮ್ಮ ಇವತ್ತಿಗೂ ಟೀವಿ ಮುಂದೆ ಕೂತು ಬೈಯುತ್ತಾಳೆ.

"ಅಮ್ಮ, ಆಕೆ ಇಪ್ಪತ್ತು ಚಿಲ್ಲರೆ ವಯಸ್ಸಿನಿಂದಲೇ ಬೆನ್ನು ಬಗ್ಗಿಸಿದ್ದಾರೆ" ಅಂದೆ. "ಅಪ್ಪ ಹೇಳ್ತಿದ್ರಲ್ಲ, ಸಾಕವ್ವ?"

ಅಪ್ಪ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ 'ಒಡಲಾಳ' ನೋಡಿದ್ದರು. ದೇವನೂರ ಮಹಾದೇವರ ಕಥೆ, ನಿರ್ದೇಶಕ ಸಿಜಿಕೆ (ಸಿ.ಜಿ. ಕೃಷ್ಣಸ್ವಾಮಿ) ಮಾಡಿಸಿದ ನಾಟಕ. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಹುಡುಕುವ, ಶಾಪ ಹಾಕುವ ಮುದುಕಿ ಸಾಕವ್ವ. ರಾತ್ರಿ ಇಡೀ ಮನೆ ಕೂತು ಕಡಲೆಕಾಯಿ ತಿನ್ನುವುದನ್ನು ಅಪ್ಪ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು, ಸಿಪ್ಪೆ ಸುಲಿಯುವ ಹಾಗೆ ಬೆರಳು ಆಡಿಸಿಕೊಂಡು. ಆಕೆ ಇನ್ನೂ ಹುಡುಗಿ ಅಂತ ನಾಟಕ ಮುಗಿದ ಮೇಲೆ ತಿಳಿದು ಅಪ್ಪ ದಂಗಾಗಿದ್ದರಂತೆ.

ಆದರೆ ಊರಿಗೆಲ್ಲ ಗೊತ್ತಾದದ್ದು ಆ ಸಾಕವ್ವ ಅಲ್ಲ. 1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಹಾಸ್ಯ, ಎನ್.ಎಸ್. ರಾವ್ ಜೋಡಿ, ಎರಡರ್ಥದ ಮಾತು. ಜನ ನಕ್ಕರು, ಹೊರಗೆ ಬಂದು ಹಗುರವಾಗಿ ಮಾತಾಡಿದರು. ನನಗೆ ಇದು ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ. ಅದೇ ಮಾತಿಗೆ ಜೊತೆಯಲ್ಲಿದ್ದ ಗಂಡಸು ಬರೀ ಹಾಸ್ಯನಟ. ಹೆಂಗಸಿಗೆ ಮಾತ್ರ ಹೆಸರು ಕೆಡುತ್ತದೆ. ಬದುಕಬೇಕಲ್ಲ, ಮಕ್ಕಳನ್ನು ಸಾಕಬೇಕಲ್ಲ? ರಂಗಭೂಮಿಯ ಚಪ್ಪಾಳೆಯಿಂದ ರೇಷನ್ ಬರುವುದಿಲ್ಲ.

ಅಮ್ಮ ಸುಮ್ಮನಿದ್ದಳು. ಆಮೇಲೆ, "ಪುಟ್ನಂಜದಲ್ಲಿ ಅಜ್ಜಿ ಚೆನ್ನಾಗಿ ಮಾಡಿದ್ಲು" ಅಂದಳು.

ಅದೇ ನಾನು ಹೇಳುವುದು! 'ಪುಟ್ನಂಜ' ಬಂದದ್ದು 1995ರಲ್ಲಿ. ಆಕೆ ಹುಟ್ಟಿದ್ದು 1957. ನಲವತ್ತೂ ತುಂಬಿರಲಿಲ್ಲ. ರವಿಚಂದ್ರನ್‌ಗೆ ಅಜ್ಜಿ! ಆ ವಯಸ್ಸಿನಲ್ಲಿ ಬೇರೆ ನಟಿಯರು ಅಮ್ಮನ ಪಾತ್ರಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಆಕೆಗೆ ಮುಪ್ಪು ಪೌಡರಿನಲ್ಲಿ ಇರಲಿಲ್ಲ, ಕೂರುವ ಏಳುವ ರೀತಿಯಲ್ಲಿತ್ತು. ಅದನ್ನು ನಾಟಕದಲ್ಲಿ ಕಲಿತಿದ್ದರು.

ಇನ್ನೊಂದು ಮಾತು ತಂಗಿಯೇ ಹೇಳಿದ್ದು. ಯಕ್ಷಗಾನದಲ್ಲಿ ಮಂಥರೆ ಸಾಮಾನ್ಯವಾಗಿ ಹಾಸ್ಯಗಾರರ ಪಾಲಿನ ವೇಷ. ನಗಿಸುತ್ತಲೇ ಕೈಕೇಯಿಯ ಕಿವಿಗೆ ವಿಷ ಹಾಕಬೇಕು. ಅಂದರೆ ಯಾವ ಹಾಸ್ಯಕ್ಕಾಗಿ ಆಕೆಯನ್ನು ಕೀಳಾಗಿ ಕಂಡರೋ, ಅದೇ ಹಾಸ್ಯ ಬೇಕಾದ ವೇಷಕ್ಕೆ ಬಣ್ಣ ಹಚ್ಚಿ ಚೌಕಿಯಿಂದ (ವೇಷ ಕಟ್ಟುವ ಜಾಗದಿಂದ) ಹೊರಗೆ ಬಂದಿದ್ದಾರೆ. 67ನೇ ವಯಸ್ಸಿನಲ್ಲಿ, ಮೇಳದ ಪಳಗಿದ ಕಲಾವಿದರ ನಡುವೆ, ಭಾಗವತರ ಪದಕ್ಕೆ ಹೆಜ್ಜೆ ಹಾಕುತ್ತಾ. ಇಷ್ಟೆಲ್ಲ ಆದಮೇಲೆ ಹೊಸದಾಗಿ ಕಲಿಯಲು ಕೂರುವುದು ಸಣ್ಣ ಧೈರ್ಯವಾ?

"ಹೋಗ್ಲಿ ಬಿಡು, ಬಿಸಿನೀರು ಕಾಸು. ಮಂಡಿ ಹಿಡ್ಕೊಂಡಿದೆ" ಅಂದಳು ಅಮ್ಮ. ಏಳಲು ಸೋಫಾದ ಕೈ ಹಿಡಿದಳು, ಮೊದಲು ಎಡಗಾಲು, ಆಮೇಲೆ ಬಲಗಾಲು, ನಡುವೆ ಒಂದು ಉಸಿರು. ಈ ಚಳಿಗೆ ಜಾಸ್ತಿ ಆಗಿದೆ. ಗುರುವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಬರಲ್ಲ ಅಂತಾಳೆ, ಗೊತ್ತು.

ಈಗ ಮಲಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. 'ಗುಲಾಬಿ ಟಾಕೀಸ್' ಸಿನಿಮಾ ನೆನಪಾಗುತ್ತಿದೆ. ಕುಂದಾಪುರದ ಕಡೆಯ ಕುದ್ರುವಿನಲ್ಲಿ, ಅಂದರೆ ನೀರಿನ ನಡುವಿನ ದ್ವೀಪದಲ್ಲಿ, ಹೆರಿಗೆ ಮಾಡಿಸುವ ಗುಲಾಬಿ, ಸಿನಿಮಾ ಹುಚ್ಚಿನವಳು. ಅವಳ ಮನೆಗೆ ಟೀವಿ ಬಂದಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕಾಸರವಳ್ಳಿಯವರು ಆ ಪಾತ್ರ ಕೊಟ್ಟರು, ರಾಷ್ಟ್ರ ಪ್ರಶಸ್ತಿ ಬಂತು. ಆಗ ಪೇಪರಿನವರೆಲ್ಲ ಹೊಸ ಉಮಾಶ್ರೀ ಸಿಕ್ಕ ಹಾಗೆ ಬರೆದರು. ಅಪ್ಪ ಮಾತ್ರ, "ಇವಳು ಸಾಕವ್ವನೇ ಕಣೇ" ಅಂದಿದ್ದರು.

ಆಮೇಲೆ 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿ, 2018ರಲ್ಲಿ ಸೋಲು. ಮುಗೀತು ಅಂದುಕೊಂಡವರೇ ಜಾಸ್ತಿ. ಆದರೆ ಆಕೆ ಒಬ್ಬರೇ ರಂಗದ ಮೇಲೆ ನಿಂತು 'ಶರ್ಮಿಷ್ಠೆ' ಮಾಡಿದರು. ಬೇಲೂರು ರಘುನಂದನ್ ಬರೆದದ್ದು, ಚಿದಂಬರರಾವ್ ಜಂಬೆಯವರ ನಿರ್ದೇಶನ. 2021ರ ಕೊನೆಗೆ ಪುಟ್ಟಕ್ಕ ಬಂದಳು. ಆ ಟೀವಿಯಿಂದಲೇ ಅಮ್ಮನಂಥವರ ಮನೆಮನೆಗೂ.

ಈಗ ಮತ್ತೆ 'ಒಡಲಾಳ' ಆಡಿದರೆ ಹೇಗಿರುತ್ತದೆ? ಆಗ ಮುಪ್ಪನ್ನು ಊಹಿಸಿಕೊಂಡು ಬೆನ್ನು ಬಾಗಿಸಿದ್ದವರು, ಈಗ ನಿಜವಾಗಿಯೂ ಆ ವಯಸ್ಸಿನಲ್ಲೇ ನಿಂತು ಹುಂಜ ಹುಡುಕಿದರೆ. ಅಮ್ಮನನ್ನು ಕರೆದುಕೊಂಡು ಹೋಗಬೇಕು. ಕಲಾಕ್ಷೇತ್ರದ ಮೆಟ್ಟಿಲು ಹತ್ತಲು ಈ ಮಂಡಿಗೆ ಆಗುತ್ತದೋ ಇಲ್ಲವೋ.